ದುಡ್ಡು ಕೊಟ್ಟು ತರಿಸಿದ ಚುಕ್ಕಿ

೮ ಜನವರಿ ೨೦೦೮, ಮಂಗಳವಾರ

ಇವತ್ತು ಹನ್ನೊಂದು ಪುಟ. ಒಟ್ಟು ಅರವತ್ತಮೂರು. ಹೆಬ್ಬೆರಳು ನೋಯುತ್ತಿದೆ.

ಕೆಲಸ ಇಷ್ಟೇ — ರಾಜೇಶ್ ಟೈಪ್ ಮಾಡಿ ತೆಗೆದ ಪ್ರಿಂಟೌಟಿನ ಮೇಲೆ, ಸಿದ್ದಲಿಂಗಮ್ಮನವರ ವಚನದ ಧಾಟಿಗಳ ನೋಟ್‌ಬುಕ್ ನೋಡಿಕೊಂಡು, ಸ್ವರಗಳಿಗೆ ಪೆನ್ನಿನಲ್ಲಿ ಚುಕ್ಕಿ ಇಡುವುದು. ಮೇಲಿನ ಸ್ಥಾಯಿಯಾದರೆ ಅಕ್ಷರದ ತಲೆಯ ಮೇಲೆ. ಕೆಳಗಿನದಾದರೆ ಕಾಲಡಿ. ಚುಕ್ಕಿ ತಪ್ಪಿದರೆ ಹಾಡುವವರು ಬೆಟ್ಟ ಹತ್ತುವ ಕಡೆ ಕೆರೆಗೆ ಇಳಿಯುತ್ತಾರೆ. ನಮ್ಮ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಬರುತ್ತದೆ, ಅದರ ಮೇಲೆ ಚುಕ್ಕಿ ಬರುವುದಿಲ್ಲ. ಅದಕ್ಕೆ ನಾನಿದ್ದೇನೆ. ಎಂ.ಎ. ಕನ್ನಡ, ಮಾನಸಗಂಗೋತ್ರಿ.

ಸಂಜೆ ಸಿದ್ದಲಿಂಗಮ್ಮ ಬಂದರು. ಒಂಬತ್ತನೆಯ ವಚನಕ್ಕೆ ಎರಡು ಸಾಲು ಸ್ವರ ಸೇರಿಸಬೇಕಂತೆ. ರಾಜೇಶ್ ನನ್ನ ಮುಖ ನೋಡಿದ. ಎರಡು ಸಾಲು ಸೇರಿದರೆ ಮುಂದಿನ ಪುಟಗಳೆಲ್ಲ ಸರಿಯುತ್ತವೆ. ಹೊಸ ಪ್ರಿಂಟೌಟು. ಹೊಸದಾಗಿ ಚುಕ್ಕಿ.

‘ತೊಂದ್ರೆ ಆಯ್ತೇನವ್ವಾ?’

‘ಇಲ್ಲಮ್ಮಾ’ ಎಂದೆ. ನಾನು ಯಾರಿಗೂ ಬೇರೆ ಉತ್ತರ ಕೊಟ್ಟಿದ್ದು ನೆನಪಿಲ್ಲ.

೯ ಜನವರಿ

ರುದ್ರಸ್ವಾಮಿ ಸರ್ ಕಾಫಿ ಕುಡಿಯುತ್ತಾ ಈ ಪುಸ್ತಕದ ಹಿಂದಿನ ಕಥೆ ಹೇಳಿದರು. ಪ್ರೆಸ್ ಅವರದು, ಸಂಬಳ ಅವರದು, ಕಥೆ ಹೇಳುವ ಹೊತ್ತೂ ಅವರದೇ.

ಸಿದ್ದಲಿಂಗಮ್ಮ ಪ್ರೈಮರಿ ಸ್ಕೂಲಿನ ಟೀಚರ್ ಆಗಿದ್ದವರು. ಕುಂಬಾರಕೊಪ್ಪಲಿನಲ್ಲಿ ಮನೆ. ಮಠದ ಸೋಮವಾರದ ಭಜನೆಯಲ್ಲಿ ಮೂವತ್ತೇಳು ವರ್ಷದಿಂದ ಹಾಡಿಸುತ್ತಿದ್ದಾರೆ. ಯಾರೂ ಹಾಡದೆ ಬಿಟ್ಟಿದ್ದ ವಚನಗಳನ್ನು ಹುಡುಕಿ ಧಾಟಿ ಕೂರಿಸಿದ್ದಾರೆ. ನಲವತ್ತೊಂದು. ಎಂಬತ್ತೊಂಬತ್ತರಲ್ಲಿ ಬೆಂಗಳೂರಿನಿಂದ ಒಂದು ಕ್ಯಾಸೆಟ್ ಬಂತಂತೆ. ಅದರಲ್ಲಿ ಏಳು ಹಾಡು ಇವರ ಧಾಟಿಯವು. ಹೊದಿಕೆಯ ಮೇಲೆ ‘ಸಂಗೀತ: ಸಾಂಪ್ರದಾಯಿಕ’. ಅಂಗಡಿಯಲ್ಲಿ ನಿಂತು ಓದಿದರಂತೆ. ದುಡ್ಡು ಕೊಟ್ಟು ಕೊಂಡರಂತೆ. ಯಾರಿಗೂ ಏನೂ ಹೇಳಲಿಲ್ಲವಂತೆ.

‘ಆಯಮ್ಮಂಗೆ ಇನ್ನೇನೂ ಬೇಡ ಕಣಮ್ಮಾ’ ಎಂದರು ಸರ್. ‘ಆ ಧಾಟಿಗಳ ಜೊತೆ ತನ್ನ ಹೆಸರು ಒಂದ್ಸಲ ಅಚ್ಚಲ್ಲಿ ನೋಡ್ಬೇಕು, ಅಷ್ಟೇ.’

ಇವತ್ತು ಚುಕ್ಕಿಗಳನ್ನು ಸ್ವಲ್ಪ ಗುಂಡಗೆ ಇಟ್ಟೆ.

೧೧ ಜನವರಿ

ರಾಜೇಶ್ ಒಂದು ಸಿ.ಡಿ. ತಂದ. ಸಂಗೀತ ಬರೆಯುವುದಕ್ಕೇ ಮಾಡಿದ ಸಾಫ್ಟ್‌ವೇರ್. ಓಪನ್ ಸೋರ್ಸ್ — ದುಡ್ಡಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು. ಇಂಗ್ಲಿಷ್ ಸಂಗೀತದ ಐದು ಗೆರೆ ಎಷ್ಟು ಚಂದ ಬರುತ್ತದೆ! ಸಾಲು ಸೇರಿಸಿದರೆ ಪುಟ ತಾನೇ ಸರಿಹೋಗುತ್ತದೆ. ಕನ್ನಡ ಅಕ್ಷರವನ್ನೂ ತೋರಿಸುತ್ತದೆ. ಚುಕ್ಕಿ ಮಾತ್ರ ಇಲ್ಲ.

‘ಮಾಡ್ದೋರಿಗೇ ಬರೀರಿ ಮೇಡಂ’ ಎಂದ. ‘ಅಂಗೇ ಬರೀತಾರೆ ಎಲ್ಲಾರೂ. ಇದು ಬೇಕು, ಅದು ಬೇಕು ಅಂತ.’

‘ನೀನೇ ಬರಿ.’

‘ನನ್ನ ಇಂಗ್ಲಿಷ್ ನೋಡಿದ್ರೆ ಸಾಫ್ಟ್‌ವೇರೇ ವಾಪಸ್ ತಗೊಂಬುಡ್ತಾರೆ.’

ರಾಜೇಶನ ಊರು ಟಿ. ನರಸೀಪುರದ ಕಡೆ. ಅಪ್ಪ ಬೇಸಾಯ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದನ್ನು ತಾನೇ ಕಲಿತವನು. ನನಗೆ ಮೇಡಂ ಅನ್ನುವುದು ತಮಾಷೆಗೆ.

೧೪ ಜನವರಿ

ಬರೆದೆ. ನಾಲ್ಕು ಪುಟ. ಮೂರು ದಿನ ತೆಗೆದುಕೊಂಡೆ. ಏಳು ಸ್ವರ, ಮೂರು ಸ್ಥಾಯಿ, ಚುಕ್ಕಿ ಎಲ್ಲಿ, ಯಾಕೆ ಅಲ್ಲಿ. ರಿ ಮತ್ತು ನಿ ಅಕ್ಷರಗಳ ತಲೆಯ ಮೇಲೆ ಆಗಲೇ ಇಕಾರದ ಗುಡಿಸು ಇರುತ್ತದೆ, ಆದ್ದರಿಂದ ಚುಕ್ಕಿ ಇನ್ನೂ ಮೇಲೆ ಹೋಗಬೇಕು. ಚಿತ್ರ ಬರೆದು ಸ್ಕ್ಯಾನ್ ಮಾಡಿ ಸೇರಿಸಿದೆ. ಡಿಸರ್ಟೇಷನ್ನಿನಲ್ಲಿ ಕೂಡ ಇಷ್ಟು ನೇರವಾಗಿ ಬರೆದಿರಲಿಲ್ಲ.

‘ಸೆಂಡ್’ ಒತ್ತಿದ್ದು ರಾಜೇಶ್. ನಾನು ಆ ಕಡೆ ತಿರುಗಿ ನಿಂತಿದ್ದೆ.

೧೭ ಜನವರಿ

ಉತ್ತರ ಬಂತು! ಫಿನ್‌ಲ್ಯಾಂಡ್‌ನಿಂದ. ಯಾರ್ಮೊ ಎಂದು ಹೆಸರು. ತನಗೆ ಬಂದ ವಿವರಣೆಗಳಲ್ಲೆಲ್ಲ ಇದು ಅತ್ಯಂತ ಸ್ಪಷ್ಟ ಎಂದು ಬರೆದಿದ್ದಾನೆ. ಎರಡು ಸಲ ಓದಿದೆ. ಮೂರು ಸಲ.

ಆದರೆ — ಬಿಡುವಿನ ಹೊತ್ತಿನಲ್ಲಿ ಮಾಡಿದರೆ ವರ್ಷವಾಗಬಹುದು. ಬೇಗ ಬೇಕಿದ್ದರೆ ಕೂಲಿ ಕೊಡಬೇಕು, ಇನ್ನೂರು ಯೂರೋ. ಆಡ್-ಆನ್, ಅಂದರೆ ಸಾಫ್ಟ್‌ವೇರಿಗೆ ಜೋಡಿಸುವ ಚುಕ್ಕಿಯ ತುಂಡು, ಮಾಡಿ ಕೊಡುತ್ತಾನೆ. ಷರತ್ತು: ಆಮೇಲೆ ಅದು ಎಲ್ಲರದು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು.

ಸರ್‌ಗೆ ಹೇಳಿದೆವು.

‘ಯಾರಮ್ಮಾ ಈ ಯಾರ್ಮೊ? ಡಬ್ಬ ಕಳಿಸ್ತಾನಾ?’

‘ಡಬ್ಬ ಇಲ್ಲ ಸರ್. ನೆಟ್‌ನಲ್ಲಿ ಬರುತ್ತೆ.’

‘ಬಂದ್ಮೇಲೆ ನಮ್ದೇನಾ?’

‘ಎಲ್ಲರದೂ ಸರ್.’

‘ದುಡ್ಡು ನಮ್ದು, ಬಾವಿ ತೋಡ್ಸೋರು ನಾವು. ಪಕ್ಕದ್ ಬೀದಿ ಪ್ರೆಸ್ಸೋನು ಬಂದು ಕೊಡ ತುಂಬ್ಕೊಂಡು ಹೋಗ್ತಾನೆ. ಬುದ್ಧಿ ಇದೆಯಾ ನಿಮಗೆ?’

ರಾಜೇಶ್ ನಕ್ಕ. ‘ಕೈಯಲ್ಲಿ ಚುಕ್ಕಿ ಇಟ್ರೆ ಪುಸ್ತಕ ದಸರಾಕ್ಕೂ ಬರಕಿಲ್ಲ ಸಾ. ಆಮೇಲೆ ನೋಡ್ಕಳಿ.’

ಸರ್ ಎದ್ದು ಅಚ್ಚಿನ ಮೆಷಿನ್ನಿನ ಶೆಡ್ಡಿಗೆ ಹೋದರು. ಅವರಿಗೆ ಇಲ್ಲ ಅನ್ನಬೇಕಾದರೆ ಕೂತಲ್ಲೇ ಅನ್ನುತ್ತಾರೆ.

೨೧ ಜನವರಿ, ಸೋಮವಾರ

ಸರ್ ಅರ್ಧ ಕೊಡುತ್ತಾರಂತೆ. ಮಿಕ್ಕ ಅರ್ಧ ಪುಸ್ತಕದ ಖರ್ಚಿನಲ್ಲಿ ಹೊಂದಿಸಬೇಕು. ಸಿದ್ದಲಿಂಗಮ್ಮನವರಿಗೆ ಹೇಳುವ ಕೆಲಸ ನನ್ನ ತಲೆಗೆ.

ಭಜನೆ ಮುಗಿದ ಮೇಲೆ ಮಠದ ಜಗಲಿಯಲ್ಲಿ ಹೇಳಿದೆ. ಪುಸ್ತಕಕ್ಕೆ ಗಟ್ಟಿ ರಟ್ಟಿನ ಬೈಂಡು, ಚಿನ್ನದ ಅಕ್ಷರ ಎಂದು ಅವರು ಆಸೆಯಿಂದ ಹೇಳಿದ್ದರು. ಅದನ್ನು ಬಿಟ್ಟರೆ ಸರಿಹೋಗುತ್ತದೆ ಎಂದೆ. ಎಷ್ಟು ಸಣ್ಣ ದನಿಯಲ್ಲಿ ಎಂದರೆ ಎರಡು ಸಲ ಹೇಳಬೇಕಾಯಿತು.

‘ರಟ್ಟು ಹಾಡ್ತದೇನವ್ವಾ?’ ಎಂದರು. ‘ಚುಕ್ಕಿ ಇರ್ಲಿ. ರಟ್ಟು ಬೇಡ.’

ಆಮೇಲೆ, ಮೆಟ್ಟಿಲು ಇಳಿಯುತ್ತಾ: ‘ಹೆಸರು ಮಾತ್ರ ಸ್ವಲ್ಪ ದಪ್ಪಕ್ಷರದಲ್ಲಿ ಹಾಕ್ಸವ್ವ. ವಯಸ್ಸಾದೋರು ಓದ್ಬೇಕಲ್ಲ.’

೫ ಫೆಬ್ರವರಿ

ಬ್ಯಾಂಕು. ಮುಂಗಡ ಕಳಿಸುವುದಕ್ಕೆ. ಸರ್ ಚೆಕ್ ಕೊಟ್ಟು ನನ್ನನ್ನೇ ಕಳಿಸಿದರು — ‘ಪತ್ರ ಬರೆದೋಳು ನೀನು, ನೀನೇ ಹೋಗು.’

ಫಾರಂನಲ್ಲಿ ಒಂದು ಕಾಲಂ. ಹಣ ಯಾವ ಉದ್ದೇಶಕ್ಕೆ? ಆಫೀಸರ್ ಕನ್ನಡಕದ ಮೇಲಿನಿಂದ ನೋಡಿದರು.

‘ಏನು ಬರೀಲಮ್ಮಾ?’

‘ಸಾಫ್ಟ್‌ವೇರಿಗೆ ಆಡ್-ಆನ್ ಸರ್.’

‘ಆ ಸಾಫ್ಟ್‌ವೇರಿಗೆಷ್ಟು?’

‘ಅದು ಫ್ರೀ ಸರ್.’

ಪೆನ್ನು ಕೆಳಗಿಟ್ಟರು. ‘ಫ್ರೀ ಸಾಮಾನಿಗೆ ಯಾಕೆ ದುಡ್ಡು ಕಳಿಸ್ತೀರಾ? ಯಾರೋ ನಿಮಗೆ ಟೋಪಿ ಹಾಕ್ತಿದ್ದಾರೆ ಕಣಮ್ಮಾ.’

ಹಿಂದೆ ಏಳೆಂಟು ಜನ. ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಕಿವಿ ಬಿಸಿಯಾಯಿತು. ಎಲ್ಲಿಂದ ಬಂತೋ ಗೊತ್ತಿಲ್ಲ —

‘ಛತ್ರ ಫ್ರೀ ಇದೆ ಸರ್. ಅದರಲ್ಲಿ ಫ್ಯಾನ್ ಇಲ್ಲ. ನಾವು ಒಂದು ಹಾಕಿಸ್ತಿದ್ದೀವಿ.’

ಅವರು ಪೆನ್ನು ಮತ್ತೆ ಎತ್ತಿಕೊಂಡರು. ‘ರೆಕ್ಕೆ ಮೇಲೆ ಹೆಸರು ಬರೆಸ್ತೀರೋ?’

ಕ್ಯೂನವರೆಲ್ಲ ನಕ್ಕರು. ನನಗೂ ನಗು ಬಂತು. ಸೀಲ್ ಹೊಡೆದು ಕೊಟ್ಟರು. ಹೊರಗೆ ಬಂದು ರಸೀದಿ ಮಡಿಚಿ ಪರ್ಸಿಗೆ ಹಾಕಿದೆ. ಮಾತಾಡಿದ್ದು ನಾನೇ.

೨೬ ಫೆಬ್ರವರಿ

ಆಡ್-ಆನ್‌ನ ಮೊದಲ ಆವೃತ್ತಿ ಬಂತು. ಸ ಮೇಲೆ ಚುಕ್ಕಿ! ಪ ಮೇಲೆ, ಮ ಮೇಲೆ. ನಿ ಮೇಲೆ ಮಾತ್ರ ಗುಡಿಸಿನೊಳಗೆ ಸಿಕ್ಕಿಕೊಂಡು ಕಪ್ಪು ಮುದ್ದೆ.

‘ನಿಗೆ ಸೊಳ್ಳೆ ಕಚ್ಬುಟ್ಟಿದೆ’ ಎಂದ ರಾಜೇಶ್.

ಯಾರ್ಮೊಗೆ ಬರೆದೆ. ಈ ಸಲ ‘ಸೆಂಡ್’ ನಾನೇ ಒತ್ತಿದೆ.

೭ ಮಾರ್ಚ್

ನಿನ್ನೆ ಶಿವರಾತ್ರಿ, ಮಠದಲ್ಲಿ ಜಾಗರಣೆ. ಕಣ್ಣು ಉರಿಯುತ್ತಿದೆ.

ಯಾರ್ಮೊ ಒಂದು ಪ್ರಶ್ನೆ ಕೇಳಿದ್ದಾನೆ. ಬೇಗ ಹಾಡುವ ಸ್ವರಗಳ ಮೇಲೆ ಒಂದು ಗೆರೆ ಬರುತ್ತದಲ್ಲ, ಮೇಲಿನ ಸ್ಥಾಯಿಯೂ ಆದರೆ ಚುಕ್ಕಿ ಗೆರೆಯ ಕೆಳಗೋ, ಮೇಲೋ? ನೋಟ್‌ಬುಕ್ಕಿನಲ್ಲಿ ಹುಡುಕಿದೆ. ಒಂದು ಕಡೆ ಕೆಳಗಿದೆ. ಇನ್ನೊಂದು ಕಡೆ ಮೇಲೆ. ಒಂದು ಕಡೆ ಗೆರೆಯ ಮೇಲೆಯೇ ಕೂತಿದೆ.

ಜಾಗರಣೆಯ ನಡುವೆ ಸಿದ್ದಲಿಂಗಮ್ಮನವರನ್ನು ಕೇಳಿದೆ. ‘ಅಯ್ಯೋ, ನಾನೇನು ನೋಡ್ಕೊಂಡು ಹಾಡ್ತೀನೇನೇ?’ ಎಂದರು. ಆಮೇಲೆ ವಿಭೂತಿ ಬೆರಳಿನಿಂದ ನೆಲದ ಮೇಲೆ ಗೆರೆ ಎಳೆದರು. ‘ಗೆರೆ ಕೊಡೆ ಇದ್ದಂಗೆ. ಚುಕ್ಕಿ ಮಗು. ಮಗೂನ ಕೊಡೆ ಮೇಲೆ ಕೂರ್ಸ್ತಾರೇನವ್ವಾ?’

ಫಿನ್‌ಲ್ಯಾಂಡಿಗೆ ಹಾಗೇ ಬರೆದೆ. ಕೊಡೆ, ಮಗು, ಎಲ್ಲ.

೨೮ ಮಾರ್ಚ್

ಮುಗಿಯಿತು! ನಲವತ್ತೊಂದು ಧಾಟಿಗಳನ್ನೂ ಹೊಸದಾಗಿ ಹಾಕಿ ನೋಡಿದೆವು. ಒಂದು ಚುಕ್ಕಿಯೂ ತಪ್ಪಿಲ್ಲ. ಒಂಬತ್ತನೆಯ ವಚನಕ್ಕೆ ಬೇಕೆಂದೇ ಇನ್ನೆರಡು ಸಾಲು ಸೇರಿಸಿದ ರಾಜೇಶ್. ಪುಟಗಳು ಸರಿದವು, ಚುಕ್ಕಿಗಳು ಜೊತೆಗೇ ಸರಿದವು. ಸರ್ ಮೂರು ಸಲ ಮಾಡಿಸಿ ನೋಡಿದರು. ಅವರೇ ಬ್ಯಾಂಕಿಗೆ ಹೋಗಿ ಬಾಕಿ ಕಳಿಸಿ ಬಂದರು.

ಯಾರ್ಮೊಗೆ ಒಂದು ಸ್ಯಾಂಪಲ್ ಬೇಕಂತೆ. ಆಡ್-ಆನ್ ಜೊತೆಗೆ ಪ್ರಪಂಚಕ್ಕೆಲ್ಲ ಹೋಗುವ ಮಾದರಿ ಪುಟ. ಆರನೆಯ ಧಾಟಿಯ ಪಲ್ಲವಿ ಆರಿಸಿದೆ. ಮೇಲೆ ತುಂಬುವ ಜಾಗಗಳು: ಶೀರ್ಷಿಕೆ, ಸಂಗೀತ ಸಂಯೋಜಕರು. ಸಿದ್ದಲಿಂಗಮ್ಮನವರಿಗೆ ಫೋನ್ ಮಾಡಿದೆ.

‘ಇದಕ್ಕೆ ಧಾಟಿ ಯಾರದು ಅಂತ ಹಾಕ್ಲಮ್ಮಾ?’

‘ನಂದೇನವ್ವಾ ಇದೆ. ಎಲ್ಲಾ ಗುರುವಿಂದು.’

ನಮ್ಮ ಮನೆಗಳಲ್ಲಿ ಹಾಗೇ ಅಲ್ಲವೇ. ಮನೆ ಕಟ್ಟಿದರೂ ಗುರುಕೃಪೆ, ಮಗು ಪಾಸಾದರೂ ಗುರುಕೃಪೆ. ಇಂಗ್ಲಿಷಿನಲ್ಲಿ ಅದಕ್ಕೆ ಏನು ಎಂದು ಯೋಚಿಸಿದೆ. ಹೊರಗೆ ಸರ್ ಕೂಗುತ್ತಿದ್ದರು, ಚುನಾವಣೆಯ ಹ್ಯಾಂಡ್‌ಬಿಲ್ ಆರ್ಡರು ಬಂದಿದೆ ಎಂದು. ‘ಟ್ರೆಡಿಷನಲ್’ ಎಂದು ತುಂಬಿ ಕಳಿಸಿದೆ. ಹೇಗಿದ್ದರೂ ಪುಸ್ತಕದಲ್ಲಿ ಹೆಸರು ಇದ್ದೇ ಇರುತ್ತದೆ. ಇದು ಬರೀ ಸ್ಯಾಂಪಲ್.

೧೨ ಮೇ, ಸೋಮವಾರ

ಒಂದೂವರೆ ತಿಂಗಳು ಬರೆದಿಲ್ಲ. ಹ್ಯಾಂಡ್‌ಬಿಲ್, ಹ್ಯಾಂಡ್‌ಬಿಲ್, ಹ್ಯಾಂಡ್‌ಬಿಲ್. ಮೊನ್ನೆ ನಮ್ಮ ಕಡೆ ವೋಟಿಂಗ್ ಮುಗಿಯಿತು. ಪ್ರೆಸ್ಸಿನಲ್ಲಿ ಮತ್ತೆ ಸಿದ್ದಲಿಂಗಮ್ಮನವರ ಪುಸ್ತಕ.

ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿದೆ. ಅದರೊಳಗೆ ನಮ್ಮ ಆಡ್-ಆನ್. ಮಾದರಿ ಪುಟ ಅವರ ವೆಬ್‌ಸೈಟಿನಲ್ಲಿ! ಕನ್ನಡ, ಪರದೆಯ ತುಂಬ. ರಾಜೇಶ್ ಕುಣಿದ. ಕಲರ್ ಪ್ರಿಂಟ್ ತೆಗೆದುಕೊಟ್ಟ, ಸರ್‌ಗೆ ಗೊತ್ತಾಗದ ಹಾಗೆ. ಮಧ್ಯಾಹ್ನದ ಬಿಸಿಲಲ್ಲೇ ಕುಂಬಾರಕೊಪ್ಪಲಿಗೆ ಓಡಿದೆ.

ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಒಂದೊಂದೇ ಸ್ವರ ಹಾಡಿದರು. ಮುಖ ಅರಳಿತು. ‘ಫಿನ್‌ಲ್ಯಾಂಡಿನೋರು ಇದ್ನ ನೋಡ್ತಾರಾ?’ ಎಂದರು. ಆಮೇಲೆ ಬೆರಳು ಮೇಲೆ ಹೋಯಿತು.

‘ಇಂಗ್ಲಿಷಲ್ಲಿ ಇದೇನವ್ವಾ?’

‘ಟ್ರೆಡಿಷನಲ್ ಅಂತಮ್ಮ. ಅಂದ್ರೆ... ಸಾಂಪ್ರದಾಯಿಕ.’

ಬಾಯಿಂದ ಬಿದ್ದ ಮೇಲೆ ನನಗೇ ಕೇಳಿಸಿತು.

ಅವರು ಕಾಗದವನ್ನು ಟೀಪಾಯಿ ಮೇಲೆ ಇಟ್ಟರು. ಒಳಗೆ ಹೋಗಿ ಮಜ್ಜಿಗೆ ತಂದರು. ಕುಡಿದೆ.

‘ನೀವೇ ಗುರುವಿಂದು ಅಂದ್ರಲ್ಲಮ್ಮ’ ಎಂದೆ. ಅನ್ನಬಾರದಿತ್ತು.

‘ಕೇಳಿದ್ರೆ ಇನ್ನೇನು ಹೇಳ್ಲಿ? ಊಟಕ್ಕೆ ಕೂತಾಗ ಸಾಕಾ ಅಂದ್ರೆ ಸಾಕು ಅಂತೀವಪ್ಪ. ಬಡಿಸೋರು ಬಡಿಸ್ಬೇಕು.’ ಸಿಟ್ಟಿರಲಿಲ್ಲ ದನಿಯಲ್ಲಿ. ‘ನಾನೇ ನಂದು ನಂದು ಅಂತ ಬಾಯಿ ಬಿಟ್ಟು ಹೇಳಕ್ಕಾಗ್ತದಾ? ನೀನು ಓದಿದೋಳು. ಬರೆಯೋರು ಬರೀಬೇಕು ಕಣವ್ವಾ.’

ಇವತ್ತು ಭಜನೆಗೆ ಹೋಗಲಿಲ್ಲ.

೧೩ ಮೇ

ಕ್ಯಾಸೆಟ್‌ನವರಿಗೆ ಅವರು ಯಾರೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

೧೫ ಮೇ, ಸಂಜೆ ೪

ಯಾರ್ಮೊಗೆ ಬರೆದೆ. ಬದಲಿಸಬಹುದು, ಆದರೆ ಸಾಫ್ಟ್‌ವೇರಿನ ಮೇಲಿಂಗ್ ಲಿಸ್ಟಿನಲ್ಲಿ ಎಲ್ಲರ ಮುಂದೆ ಕೇಳಬೇಕು, ಅದು ಕ್ರಮ ಎಂದ. ಆ ಲಿಸ್ಟಿನಲ್ಲಿ ಸಾವಿರಾರು ಜನ. ಪ್ರೊಫೆಸರುಗಳು, ಆರ್ಕೆಸ್ಟ್ರಾದವರು. ಕ್ಲಾಸಿನಲ್ಲಿ ಅಟೆಂಡೆನ್ಸಿಗೆ ‘ಪ್ರೆಸೆಂಟ್’ ಅನ್ನುವುದಕ್ಕೂ ಒದ್ದಾಡುತ್ತಿದ್ದವಳು ನಾನು.

ಬರೆದೆ. ಸುತ್ತಿ ಬಳಸದೆ. ಮಾದರಿ ಪುಟದ ಧಾಟಿ ಸಾಂಪ್ರದಾಯಿಕವಲ್ಲ. ಅದನ್ನು ಮಾಡಿದವರು ಮೈಸೂರಿನ ಸಿದ್ದಲಿಂಗಮ್ಮ. ಬದುಕಿದ್ದಾರೆ, ಹಾಡುತ್ತಿದ್ದಾರೆ. ತಪ್ಪು ಬರೆದವಳು ನಾನು. ನಮ್ಮಲ್ಲಿ ಮಾಡಿದವರು ತಾನು ಮಾಡಿದೆ ಎಂದು ಹೇಳಿಕೊಳ್ಳುವುದಿಲ್ಲ, ಗುರುವಿನ ಹೆಸರು ಹೇಳುತ್ತಾರೆ. ಅದನ್ನು ಬಲ್ಲವಳೇ ನಾನು ಅವರ ಮಾತನ್ನು ಅಕ್ಷರಶಃ ತೆಗೆದುಕೊಂಡೆ. ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಶಿಲ್ಪಶ್ರೀ, ಮೈಸೂರು.

೧೭ ಮೇ

ಹದಿನಾಲ್ಕು ಉತ್ತರ. ಯಾರೂ ಬೈದಿಲ್ಲ. ಐರ್ಲೆಂಡಿನ ಒಬ್ಬರು, ಪಿಟೀಲು ನುಡಿಸುವವರಂತೆ, ತಮ್ಮ ಅಜ್ಜನ ಧಾಟಿಯೂ ಹೀಗೇ ‘ಟ್ರೆಡಿಷನಲ್’ ಆಗಿಹೋಯಿತು ಎಂದು ಬರೆದಿದ್ದಾರೆ.

ಆದರೆ ತೊಡಕು. ಧಾಟಿ ಬದುಕಿರುವ ಒಬ್ಬರದು ಎಂದಾದರೆ, ಎಲ್ಲರೂ ಪುಕ್ಕಟೆ ಬಳಸಲು ಅವರೇ ಒಪ್ಪಿ ಬರೆದುಕೊಡಬೇಕು. ಇಲ್ಲದಿದ್ದರೆ ಮಾದರಿ ಪುಟವನ್ನೇ ತೆಗೆದುಬಿಡುತ್ತಾರೆ.

ಸರ್‌ಗೆ ಹೇಳಿದೆ. ‘ಬಾವಿ ಆಯ್ತು, ಈಗ ಹಗ್ಗ ಬಿಂದಿಗೇನೂ ನಾವೇ ಕೊಡ್ಬೇಕಾ?’ ಎಂದರು.

೧೯ ಮೇ, ಸೋಮವಾರ

ಸಿದ್ದಲಿಂಗಮ್ಮನವರ ಮನೆಗೆ ಹೋದೆ. ಈ ಸಲ ಕೇಳಲಿಲ್ಲ. ಬರೆದುಕೊಂಡೇ ಹೋಗಿದ್ದೆ, ಕನ್ನಡದಲ್ಲಿ. ‘ಈ ಧಾಟಿಯನ್ನು ಕೂರಿಸಿದವಳು ನಾನು’ ಎಂದು ಮೊದಲ ಸಾಲು. ಓದಿದರು. ಆ ಸಾಲಿನ ಮೇಲೆ ಬೆರಳು ಬಹಳ ಹೊತ್ತು ಇತ್ತು.

ಎಲ್ಲರೂ ಪುಕ್ಕಟೆ ಹಾಡಬಹುದು, ಅಚ್ಚು ಹಾಕಬಹುದು ಎಂಬ ಸಾಲು ವಿವರಿಸಿದೆ. ಬೇಡವಾದರೆ ಬೇಡ ಎಂದೆ.

‘ಹಾಡ್ಬೇಡಿ ಅಂತ ಯಾವತ್ತಾದ್ರೂ ಅಂದಿದ್ನೇನೇ? ಆ ಕ್ಯಾಸೆಟ್‌ನೋರಿಗೂ ಅಂದಿಲ್ಲ. ಹಾಡ್ಲಿ. ಹೆಸರು ಹೇಳಿ ಹಾಡ್ಲಿ.’

ಪೆನ್ನು ಕೇಳಿದರು. ಪ್ರೈಮರಿ ಸ್ಕೂಲಿನ ಕೈಬರಹ, ಒಂದೊಂದಕ್ಷರವೂ ಗುಂಡಗೆ. ಸಹಿಯ ಕೆಳಗೆ ತಾವೇ ‘ನಿವೃತ್ತ ಶಿಕ್ಷಕಿ, ಕುಂಬಾರಕೊಪ್ಪಲು’ ಎಂದು ಸೇರಿಸಿದರು. ನಾನು ಇಂಗ್ಲಿಷಿಗೆ ಮಾಡಿ ಎರಡನ್ನೂ ಕಳಿಸಿದೆ.

೪ ಜೂನ್

ಬಂತು. ಮಾದರಿ ಪುಟದ ಬಲಮೂಲೆಯಲ್ಲಿ, ಕನ್ನಡದಲ್ಲೇ — ‘ಧಾಟಿ: ಸಿದ್ದಲಿಂಗಮ್ಮ, ಮೈಸೂರು’. ಕೆಳಗೆ ಇಂಗ್ಲಿಷಿನಲ್ಲಿ ಇನ್ನೊಂದು ಸಲ. ಈ ಸಾಫ್ಟ್‌ವೇರ್ ಯಾರು ಎಲ್ಲಿ ಹಾಕಿಕೊಂಡರೂ ಈ ಪುಟ ಜೊತೆಗೆ ಹೋಗುತ್ತದೆ. ಪುಸ್ತಕ ಅಚ್ಚಾಗುವ ಮೊದಲೇ ಹೆಸರು ಹೊರಟಿತು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ‘ಇದಕ್ಕೂ ಸಂಬಳ ಕೊಡ್ತಾರಾ?’ ಎಂದಳು. ಆಮೇಲೆ ಪಕ್ಕದ ಮನೆಯವರಿಗೆ ಹೇಳುವುದು ಕೇಳಿಸಿತು, ‘ನಮ್ಮ ಶಿಲ್ಪ ಫಿನ್‌ಲ್ಯಾಂಡಿನೋರ ಹತ್ರ ತಿದ್ದಿಸಿದ್ಲಂತೆ ಕಣ್ರೀ.’

೧೧ ಜೂನ್

ಪಕ್ಕದ ಬೀದಿಯ ಪ್ರೆಸ್ಸಿನವರು ಬಂದಿದ್ದರು. ಒಬ್ಬ ವೀಣೆ ಮೇಷ್ಟ್ರ ಪುಸ್ತಕ ಸಿಕ್ಕಿದೆಯಂತೆ, ಚುಕ್ಕಿ ಹೇಗೆ ಹಾಕುವುದು ಎಂದು ಕೇಳುವುದಕ್ಕೆ. ಈಗ ಸರ್ ಏನು ಮಾಡುತ್ತಾರೋ ಎಂದು ನಾನೂ ರಾಜೇಶನೂ ಉಸಿರು ಹಿಡಿದು ಕೂತೆವು. ಸರ್ ಕುರ್ಚಿ ಎಳೆದು ಕೂರಿಸಿದರು. ಒಂದು ಗಂಟೆ ತೋರಿಸಿದರು. ಅರ್ಧ ಅವರಿಗೇ ಗೊತ್ತಿರಲಿಲ್ಲ, ರಾಜೇಶ್ ಹಿಂದಿನಿಂದ ಹೇಳಿಕೊಟ್ಟ.

‘ದುಡ್ಡು ಕೊಟ್ಟು ಹೇಳಿ ಮಾಡಿಸಿದ್ದು ಸ್ವಾಮಿ ಇದು, ಇಲ್ಲಿಂದ’ ಎಂದು ನಾಲ್ಕು ಸಲ ಹೇಳಿದರು. ‘ಕಾಗದ ಬರೆದೋಳು ನಮ್ಮ ಹುಡುಗಿ. ಅಲ್ಲಿ ಕೂತವಳೆ ನೋಡಿ.’

ನಾನು ಪ್ರೂಫಿನೊಳಗೆ ತಲೆ ಹಾಕಿಕೊಂಡೆ. ಒಂದಕ್ಷರವೂ ಕಾಣಿಸಲಿಲ್ಲ.

೨೩ ಜೂನ್, ಸೋಮವಾರ, ರಾತ್ರಿ ೮

ಈಗ ತಾನೇ ಭಜನೆಯಿಂದ ಬಂದೆ. ಮರೆಯುವ ಮೊದಲು ಬರೆಯಬೇಕು.

ಇವತ್ತು ಪುಸ್ತಕ ಬಂತು. ಮೊದಲ ಕಟ್ಟು ಮಠಕ್ಕೆ. ಹೆಂಗಸರೆಲ್ಲ ತಿರುವಿ ನೋಡಿದರು. ಸಿದ್ದಲಿಂಗಮ್ಮ ಮಾತ್ರ ತಮ್ಮ ಪ್ರತಿಯನ್ನು ಹಾರ್ಮೋನಿಯಂ ಮೇಲೆ ಮುಚ್ಚಿಯೇ ಇಟ್ಟಿದ್ದರು.

ಆರನೆಯದನ್ನು ಶುರು ಮಾಡುವ ಹೊತ್ತಿಗೆ, ಹೊಸದಾಗಿ ಮದುವೆಯಾಗಿ ಬಂದ ಒಬ್ಬಳು ಸೊಸೆ ಕೇಳಿದಳು, ‘ತುಂಬಾ ಚೆನ್ನಾಗಿದೆ, ಈ ಧಾಟಿ ಯಾರದು?’

ಚಂದ್ರಮತಿಯವರು ಮೊದಲಿಂದಲೂ ಭಜನೆಗೆ ಬರುವವರು. ರೂಢಿಯಂತೆ ಹೇಳಿಬಿಟ್ಟರು, ‘ಯಾರದು ಅಂದ್ರೆ? ಎಲ್ಲಾ ಗುರುವಿಂದು.’

ಎರಡು ಮೂರು ಜನ ಹೂಂಗುಟ್ಟಿದರು. ನಾನು ಬಾಯಿ ತೆರೆದೆ. ಹೇಳಬೇಕು, ಬರೆಯುವವಳು ಹೇಳಲೂಬೇಕು ಎಂದುಕೊಂಡು ಎದ್ದೇ ನಿಂತೆ. ಅಷ್ಟರಲ್ಲಿ —

‘ವಚನ ಗುರುವಿಂದು’ ಎಂದರು ಸಿದ್ದಲಿಂಗಮ್ಮ. ‘ಧಾಟಿ ನಂದು ಕಣವ್ವಾ.’

ಚಂದ್ರಮತಿಯವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಅವರೇ, ‘ಹೌದಲ್ವೇ... ನಿನ್ನದೇ ಅಲ್ವೇ ಸಿದ್ದಲಿಂಗೂ’ ಎಂದರು.

‘ಹೂಂ. ಕೂತ್ಕೊಳ್ಳೇ ಶಿಲ್ಪಾ, ಯಾಕೆ ನಿಂತಿದೀಯ’ ಎಂದು ನನಗೆ ಹೇಳಿ ಶ್ರುತಿ ಹಿಡಿದರು. ನಾನು ಕೂರಲಿಲ್ಲ. ಅವರು ಹಾಡಲು ಶುರು ಮಾಡಿದರು, ಎಲ್ಲರೂ ಸೇರಿದರು, ಆ ಸೊಸೆಯೂ. ಮೇಲಿನ ಷಡ್ಜಕ್ಕೆ ಹೋದಾಗ ಅವರ ದನಿ ಅಲುಗದೆ ನಿಂತಿತು, ಅಕ್ಷರದ ತಲೆಯ ಮೇಲೆ ಚುಕ್ಕಿ ನಿಂತ ಹಾಗೆ.